ರೇಡಿಯೋ ಬಟನ್ ಅಂದರೆ ದುಂಡಗಿನ ಚೆಕ್‌ಬಾಕ್ಸ್ ಅಲ್ಲ

ದಾವಣಗೆರೆಯ ರೈತರಿಗೆಂದು ಮಾಡಿದ ಒಂದು ಆನ್‌ಲೈನ್ ಅರ್ಜಿ ನೋಡಿದೆ. ‘ನೀವು ಬೆಳೆಯುವ ಬೆಳೆಗಳು’ ಎಂಬ ಪ್ರಶ್ನೆ. ಕೆಳಗೆ ಮೆಕ್ಕೆಜೋಳ, ಭತ್ತ, ಅಡಿಕೆ, ಮೂರಕ್ಕೂ ರೇಡಿಯೋ ಬಟನ್, ಅಂದರೆ ಒಂದನ್ನೇ ಆರಿಸಲು ಬಿಡುವ ದುಂಡಗಿನ ಗುಂಡಿ. ಅಡಿಕೆ ತೋಟ ಇದ್ದವರು ಮೆಕ್ಕೆಜೋಳವನ್ನೂ ಹಾಕಿರುತ್ತಾರೆ, ಅಲ್ವಾ? ಇಲ್ಲಿ ಒಂದನ್ನು ಒತ್ತಿದರೆ ಇನ್ನೊಂದು ಹೋಗುತ್ತದೆ. ಬೇಕಿದ್ದದ್ದು ಚೆಕ್‌ಬಾಕ್ಸ್, ಎಷ್ಟಕ್ಕೆ ಬೇಕಾದರೂ ಗುರುತು ಹಾಕಬಹುದಾದ ಚೌಕ. ಇಂಥದ್ದು ಎಷ್ಟು ಸಲ ನೋಡೋದು!

ರೇಡಿಯೋ ಬಟನ್ ಎಂಬ ಹೆಸರು ಬಂದಿದ್ದು ಹಳೇ ಕಾರ್ ರೇಡಿಯೋದಿಂದ. ಅದರಲ್ಲಿ ಸಾಲಾಗಿ ಗುಂಡಿಗಳಿರುತ್ತಿದ್ದವು, ಒಂದೊಂದಕ್ಕೂ ಒಂದು ಸ್ಟೇಷನ್. ಹೊಸದನ್ನು ಒತ್ತಿದರೆ ಮೊದಲು ಒತ್ತಿದ್ದು ಟಪ್ ಅಂತ ಮೇಲೇಳುತ್ತಿತ್ತು. ಏಕಕಾಲಕ್ಕೆ ಎರಡು ಸ್ಟೇಷನ್ ಕೇಳುವಂತಿರಲಿಲ್ಲ. ರೇಡಿಯೋ ಬಟನ್ನಿನ ಗುಣವೂ ಇದೇ, ಆಕಾರ ಆಮೇಲಿನ ಮಾತು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಒಂದೇ ‘ನೇಮ್’ (ಹೆಸರು) ಕೊಟ್ಟಾಗ ಮಾತ್ರ ಅವು ಒಂದು ಗುಂಪು. ಬೇರೆ ಬೇರೆ ನೇಮ್ ಕೊಟ್ಟರೆ ‘ಹೌದು’, ‘ಇಲ್ಲ’ ಎರಡೂ ಆಯ್ಕೆಯಾಗಿ ಕೂರುತ್ತವೆ. ಇನ್ನೊಂದು ವಿಷಯ: ಒಮ್ಮೆ ಒತ್ತಿದ ರೇಡಿಯೋ ಬಟನ್ನನ್ನು ಮತ್ತೆ ಒತ್ತಿ ಬಿಡಿಸಲು ಆಗದು. ಹಾಗಾಗಿ ಕಡ್ಡಾಯವಲ್ಲದ ಪ್ರಶ್ನೆಗೆ ‘ಹೇಳಲು ಇಷ್ಟವಿಲ್ಲ’ ಅಂತಲೂ ಇಡಬೇಕು. ‘ಷರತ್ತು ಒಪ್ಪಿದ್ದೇನೆ’ ಅನ್ನೋದಕ್ಕೆ ಒಂಟಿ ಚೆಕ್‌ಬಾಕ್ಸ್ ಸಾಕು.

ಕಣ್ಣು ಕಾಣದವರ ಪಾಲಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ‘ರೇಡಿಯೋ ಬಟನ್’ ಅಂದ ಕೂಡಲೇ ಒಂದನ್ನೇ ಆರಿಸಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಟ್ಯಾಬ್ ಒತ್ತಿ ಗುಂಪಿಗೆ ಬಂದು, ಬಾಣದ ಕೀಲಿಯಿಂದ ಒಳಗೆ ಓಡಾಡುತ್ತಾರೆ. ಚೆಕ್‌ಬಾಕ್ಸ್‌ಗಳಾದರೆ ಒಂದೊಂದಕ್ಕೂ ಟ್ಯಾಬ್, ಗುರುತು ಹಾಕಲು ಸ್ಪೇಸ್‌ಬಾರ್. ಪ್ರಶ್ನೆಯನ್ನು ‘ಫೀಲ್ಡ್‌ಸೆಟ್’ (ಉತ್ತರಗಳನ್ನು ಒಂದು ಗುಂಪಾಗಿಸುವ ಎಚ್‌ಟಿಎಂಎಲ್ ಗುರುತು) ಒಳಗೆ ‘ಲೆಜೆಂಡ್’ (ಆ ಗುಂಪಿನ ಶೀರ್ಷಿಕೆ) ಆಗಿ ಬರೆಯದೆ ಸುಮ್ನೆ ದಪ್ಪಕ್ಷರದಲ್ಲಿ ಹಾಕಿದರೆ, ಟ್ಯಾಬ್ ಒತ್ತಿ ಬಂದವರಿಗೆ ಕೇಳುವುದು ‘ಹೌದು’ ಅಷ್ಟೇ. ಯಾವುದಕ್ಕೆ ಹೌದು?

ಉತ್ತರದ ಪದವನ್ನು ‘ಲೇಬಲ್’ ಆಗಿ ಜೋಡಿಸಿದರೆ ಪದದ ಮೇಲೆ ಒತ್ತಿದರೂ ಆಯ್ಕೆಯಾಗುತ್ತದೆ. ಕೈ ನಡುಗುವ ಅಜ್ಜನಿಗೆ, ಚಿಕ್ಕ ಮೊಬೈಲ್‌ನವರಿಗೆ ಇದೇ ದೊಡ್ಡ ಉಪಕಾರ. ವೆಬ್ ಎಲ್ಲರಿಗೂ ಬಳಸಲು ಆಗಬೇಕೆಂಬ ಮಾರ್ಗಸೂಚಿ, 2023ರ ಡಬ್ಲ್ಯುಸಿಎಜಿ 2.2, ಒತ್ತುವ ಜಾಗ ಕನಿಷ್ಠ 24 × 24 ಪಿಕ್ಸೆಲ್ ಇರಲಿ ಎನ್ನುತ್ತದೆ.

ಅಂದಕ್ಕಾಗಿ ಅಸಲಿ ಇನ್‌ಪುಟ್ಟನ್ನು, ಅಂದರೆ ಆ ಗುಂಡಿಯನ್ನೇ, ‘ಡಿಸ್‌ಪ್ಲೇ ನನ್’ ಮಾಡಿ ಮರೆಸಿ, ಅಲ್ಲಿ ಚಿತ್ರ ಇಡುವವರು ಜಾಸ್ತಿ. ಆಗ ಕೀಬೋರ್ಡಿಗೆ ಅದು ಸಿಗುವುದೇ ಇಲ್ಲ. ಬಣ್ಣ ಬದಲಾದರೆ ಸಾಕೆಂದಿದ್ದರೆ ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ‘ಆಕ್ಸೆಂಟ್-ಕಲರ್’ ಇದೆ, ಒಂದೇ ಸಾಲಿನ ಕೆಲಸ.