ಕಾನ್ವೆಂಟ್ ಬಾಗಿಲಲ್ಲಿ ದುಡ್ಡಿನ ಲೆಕ್ಕ

ಮದುವೆಗೆ ವರದಕ್ಷಿಣೆ ಗೊತ್ತು. ಸಿಸ್ಟರ್, ಅಂದ್ರೆ ಕ್ರೈಸ್ತ ಸನ್ಯಾಸಿನಿ, ಆಗೋದಕ್ಕೂ ಅಂಥದ್ದೊಂದು ಗಂಟು ಕೊಡಬೇಕಿತ್ತು ಅಂದ್ರೆ? ಯುರೋಪಿನಲ್ಲಿ ಶತಮಾನಗಳ ಕಾಲ ಅದೇ ನಡೆಯಿತು. ಕಾನ್ವೆಂಟಿನ, ಅಂದ್ರೆ ಸನ್ಯಾಸಿನಿಯರ ಮಠದ, ಗೋಡೆ ದಾಟುವಂತಿಲ್ಲದ ಹೆಂಗಸರ ಊಟ, ಬಟ್ಟೆ, ಔಷಧಿ ಸಾಯುವವರೆಗೂ ನಡೀಬೇಕಲ್ಲ, ಅದಕ್ಕೇ ಸೇರುವಾಗಲೇ ಹಣ ತರಬೇಕಿತ್ತು. ಇಟಲಿಯ ಸಿರಿವಂತರಿಗೆ ಇದು ಮದುವೆಗಿಂತ ಅಗ್ಗ. ಎಷ್ಟೋ ಹೆಣ್ಣುಮಕ್ಕಳನ್ನು ಇಷ್ಟವಿಲ್ಲದಿದ್ದರೂ ಮಠಕ್ಕೆ ತಳ್ಳಿದರು. ಬಡವರ ಮಗಳಿಗೆ ಮನಸ್ಸಿದ್ದರೂ ದುಡ್ಡಿಲ್ಲ. ಸೇರಿದರೂ ಅಡುಗೆಮನೆ, ಬಟ್ಟೆ ಒಗೆಯೋ ಕೆಲಸವೇ ಗತಿ.

ದಾನಿಗಳು ಮುಂದೆ ಬಂದದ್ದು ಇಲ್ಲೇ. 1460ರಲ್ಲಿ ರೋಮ್‌ನ ಸಾಂತಾ ಮರಿಯಾ ಸೋಪ್ರಾ ಮಿನೆರ್ವಾ ಚರ್ಚಿನಲ್ಲಿ ಕಾರ್ಡಿನಲ್ (ಚರ್ಚಿನ ಹಿರಿಯ ಧರ್ಮಾಧಿಕಾರಿ) ಹುವಾನ್ ದೆ ತೊರ್ಕೆಮಾದ ಒಂದು ಸಂಘ ಕಟ್ಟಿದರು. ಬಡ ಹುಡುಗಿಯರು ಮದುವೆಯಾಗಲಿ, ಮಠ ಸೇರಲಿ, ಸಂಘ ಹಣ ಕೊಡುತ್ತಿತ್ತು. ಆ ಚರ್ಚಿನಲ್ಲಿ ಆಂತೊನಿಯಾತ್ಸೊ ರೊಮಾನೊ ಬರೆದ ಚಿತ್ರ ಈಗಲೂ ಇದೆ: ದೇವದೂತ ಶುಭವಾರ್ತೆ ಹೇಳ್ತಾ ಇದ್ದರೆ, ಯೇಸುವಿನ ತಾಯಿ ಮರಿಯಮ್ಮ ಬಿಳಿ ಬಟ್ಟೆಯ ಪುಟ್ಟ ಹುಡುಗಿಯರಿಗೆ ದುಡ್ಡಿನ ಚೀಲ ಕೊಡುತ್ತಿದ್ದಾಳೆ. ದಾನಕ್ಕೆ ಇದಕ್ಕಿಂತ ಒಳ್ಳೇ ಜಾಹೀರಾತು ಬೇಕಾ?

1830ರಲ್ಲಿ ಪ್ಯಾರಿಸ್‌ನಲ್ಲಿ ಸಿಸ್ಟರ್ ಆಗಲು ಹೊರಟ ರೈತನ ಮಗಳು ಕ್ಯಾಥರೀನ್ ಲಬೂರೆಗೂ ಇದೇ ಕಷ್ಟ. ಅಪ್ಪ ದುಡ್ಡು ಬಿಚ್ಚಲಿಲ್ಲ, ಅಣ್ಣ ಅತ್ತಿಗೆ ಕೊಟ್ಟರು.

1917ರ ಕ್ಯಾಥೊಲಿಕ್ ಚರ್ಚ್ ಕಾನೂನು ಈ ಹಣಕ್ಕೆ ಕಟ್ಟುನಿಟ್ಟು ಮಾಡಿತು: ಸನ್ಯಾಸಿನಿ ಬದುಕಿರುವಷ್ಟು ದಿನ ಅಸಲು ಮುಟ್ಟುವಂತಿಲ್ಲ, ಮಠ ಬಿಟ್ಟರೆ ವಾಪಸ್ ಕೊಡಬೇಕು. 1983ರ ಹೊಸ ಕಾನೂನಿನಲ್ಲಿ ಈ ವರದಕ್ಷಿಣೆಯ ಮಾತೇ ಇಲ್ಲ. ಆದರೆ ತೀರಿಸಲಾಗದ ಸಾಲ ಇದ್ದವರನ್ನು ಸೇರಿಸಿಕೊಳ್ಳಬೇಡಿ ಅನ್ನುವ ಹಳೇ ಮಾತು 644ನೇ ನಿಯಮವಾಗಿ ಉಳಿಯಿತು.

ಅಮೆರಿಕದಲ್ಲಿ ಈಗ ಅಡ್ಡ ಬರುತ್ತಿರೋದು ಅದೇ. ಕಾಲೇಜು ಮುಗಿಸುವಷ್ಟರಲ್ಲಿ ತಲೆ ಮೇಲೆ ಶಿಕ್ಷಣ ಸಾಲ. ಬಡತನದ ವ್ರತ ತೊಟ್ಟವರಿಗೆ ಸಂಬಳ ಇಲ್ಲ, ಕಂತು ಕಟ್ಟೋದು ಯಾರು? ವಯಸ್ಸಾದ ಸಿಸ್ಟರುಗಳ ಆರೈಕೆಗೇ ಒದ್ದಾಡುವ ಮಠಗಳ ಕೈಲಿ ಆಗಲ್ಲ. 2003ರಲ್ಲಿ ಮಿನ್ನೆಸೋಟದಲ್ಲಿ ಹುಟ್ಟಿದ ಲಬೂರೆ ಸೊಸೈಟಿ, ಹೌದು, ಅದೇ ಕ್ಯಾಥರೀನ್ ಹೆಸರಿನದು, ಇಂಥವರಿಗೆ ದಾನಿಗಳಿಂದ ಹಣ ಕೂಡಿಸುತ್ತದೆ. ಸೇರಬೇಕಾದವರೇ ಜನರಿಗೆ ತಮ್ಮ ಕಥೆ ಹೇಳಿ ಹಣ ಕೇಳಬೇಕು. ಮೌನ ಹುಡುಕಿ ಹೊರಟವರಿಗೆ ಇದು ಸ್ವಲ್ಪ ಜಾಸ್ತಿನೇ ಆಯಿತು ಅನಿಸುತ್ತೆ ನನಗೆ. ಫಂಡ್ ಫಾರ್ ವೊಕೇಷನ್ಸ್ ಅನ್ನೋ ಇನ್ನೊಂದು ನಿಧಿ ತಿಂಗಳು ತಿಂಗಳು ಕಂತು ಕಟ್ಟುತ್ತದೆ. ಮನಸ್ಸು ಬದಲಾಗಿ ಹೊರಬಂದರೆ ಉಳಿದ ಸಾಲ ಅವರದೇ.