ವಿಮಾನದವರ ‘ಮಿನಿಮಮ್’ ಅಂದರೆ ಎಷ್ಟು?

ಆಟೋ ಹತ್ತಿದರೆ ಮಿನಿಮಮ್ ಚಾರ್ಜ್, ಬ್ಯಾಂಕಿಗೆ ಹೋದರೆ ಮಿನಿಮಮ್ ಬ್ಯಾಲೆನ್ಸ್. ‘ಕನಿಷ್ಠ’ ಅನ್ನುವ ಪದ ಇದ್ದರೂ ಮಾತಿನಲ್ಲಿ ನಮಗೆ ಮಿನಿಮಮ್ಮೇ ಬೇಕು. ‘ಮದುವೆಗೆ ಮಿನಿಮಮ್ ಐನೂರು ಜನ ಬರ್ತಾರೆ’ ಅಂತೀವಿ. ಅದು ಅಂದಾಜಿನ ಮಾತು. ಹತ್ತು ಜನ ಆಚೀಚೆ ಆದರೆ ಯಾರೂ ಕೇಳುವುದಿಲ್ಲ.

ವಿಮಾನದವರ ಬಾಯಲ್ಲೂ ಈ ಪದ ಇದೆ. ಮಿನಿಮಮ್ ಕ್ರೂ (ಸಿಬ್ಬಂದಿ), ಮಿನಿಮಮ್ ಫ್ಯೂಯಲ್ (ಇಂಧನ). ಅಲ್ಲಿ ಮಾತ್ರ ಇದು ಅಂದಾಜಲ್ಲ. ಎಲ್ಲವೂ ಸರಿಯಾಗಿರುವ ದಿನಕ್ಕೆ ಎಷ್ಟು ಸಾಕು ಅನ್ನುವ ಲೆಕ್ಕವೂ ಅಲ್ಲ. ಎಲ್ಲವೂ ಕೆಟ್ಟುಹೋದ ದಿನಕ್ಕೆ ಎಷ್ಟು ಬೇಕೋ ಅಷ್ಟು.

ಮೊದಲು ಕ್ರೂ ವಿಷಯ. ಒಂದು ಸಲ ಬೆಳಗಿನ ವಿಮಾನಕ್ಕೆ ಗೇಟಿನ ಮುಂದೆ ಒಂದೂವರೆ ಗಂಟೆ ಕಾದಿದ್ದೆ. ವಿಮಾನ ಕಣ್ಣೆದುರೇ ನಿಂತಿತ್ತು, ಪೈಲಟ್‌ಗಳೂ ಬಂದಿದ್ದರು. ಆಮೇಲೆ ಗೊತ್ತಾಯಿತು, ಒಬ್ಬ ಗಗನಸಖಿಗೆ ಹುಷಾರಿಲ್ಲ, ಬದಲಿಗೆ ಇನ್ನೊಬ್ಬರು ಬರಬೇಕು. ಪಕ್ಕದ ಯಜಮಾನರಿಗೆ ಸಿಟ್ಟು ನೆತ್ತಿಗೇರಿತ್ತು. ‘ನೀರು ಕೊಡೋಕೆ ಮೂರು ಜನ ಸಾಲಲ್ವಾ? ಬೇಕಾದ್ರೆ ನಾವೇ ಎದ್ದು ತಗೋತೀವಿ ಬಿಡಿ’ ಅಂದರು. ನಾನೂ ಹೂಂ ಅಂದೆ.

ನೀರು ಕೊಡುವುದಕ್ಕೆ ಮೂರು ಜನ ಖಂಡಿತ ಸಾಕು. ಆದರೆ ನಿಯಮ ನೀರಿನ ಬಗ್ಗೆ ಇಲ್ಲ. ವಿಮಾನದಲ್ಲಿರುವ ಪ್ರತಿ 50 ಸೀಟಿಗೆ ಒಬ್ಬ ಸಿಬ್ಬಂದಿ ಇರಬೇಕು. 180 ಸೀಟಿನ ವಿಮಾನವಾದರೆ ಮೂರೂವರೆ ಚಿಲ್ಲರೆ ಬರುತ್ತದೆ, ಅದನ್ನು ನಾಲ್ಕು ಅಂತ ಹಿಡಿಯುತ್ತಾರೆ. ಗಮನಿಸಿ, ಲೆಕ್ಕ ಸೀಟಿನದು. ಅರ್ಧ ವಿಮಾನ ಖಾಲಿ ಇದ್ದರೂ ನಾಲ್ವರು ಬೇಕು. ಭಾರತ, ಯುರೋಪ್, ಅಮೆರಿಕ ಮೂರೂ ಕಡೆ ಇಂಥ ವಿಮಾನಕ್ಕೆ ಇದೇ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಬಹಳ ಕಾಲ 36 ಪ್ರಯಾಣಿಕರಿಗೆ ಒಬ್ಬರು ಇರುತ್ತಿದ್ದರು. ಅದು ಸಡಿಲವಾಗುವಾಗ ಸಿಬ್ಬಂದಿ ಸಂಘದವರು ಜಗಳವನ್ನೇ ಮಾಡಿದರು.

ಇದರ ಹಿಂದೆ ಇನ್ನೊಂದು ಅಂಕಿ ಇದೆ: 90 ಸೆಕೆಂಡ್. ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿದ್ದರೂ, ಕತ್ತಲಿದ್ದರೂ, ತುಂಬಿದ ವಿಮಾನದಿಂದ ಎಲ್ಲರೂ ಅಷ್ಟರೊಳಗೆ ಆಚೆ ಬರುವಂತಿರಬೇಕು. 2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380ಯನ್ನು ಹೀಗೆ ಪರೀಕ್ಷೆ ಮಾಡಿದಾಗ 873 ಜನ 78 ಸೆಕೆಂಡ್‌ನಲ್ಲಿ ಇಳಿದರು.

ಪರೀಕ್ಷೆ ಬೇರೆ, ಬೆಂಕಿ ಬೇರೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ ಇಳಿಯುತ್ತಿದ್ದಾಗ, ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ದೊಡ್ಡದರಲ್ಲಿದ್ದ 379 ಜನರೂ ಬದುಕಿದರು. ಎಂಟು ಬಾಗಿಲುಗಳಲ್ಲಿ ಬಳಸಲು ಆಗಿದ್ದು ಮೂರೇ. ಒಳಗಿನ ಮೈಕ್ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು, ಕೂಗಿ ದಾರಿ ತೋರಿಸಿದರು. ಹಿಂದಿನ ಬಾಗಿಲ ಹತ್ತಿರ ಇದ್ದವರಿಗೆ ಕಾಕ್‌ಪಿಟ್ ಜೊತೆ ಮಾತಾಡಲು ಆಗಲಿಲ್ಲ. ಹೊರಗೆ ನೋಡಿ, ಇಲ್ಲಿಂದ ಇಳಿಸಬಹುದು ಅಂತ ತಾವೇ ತೀರ್ಮಾನಿಸಿ ಬಾಗಿಲು ತೆಗೆದರು. ಆ ಜಾಗದಲ್ಲಿ ಆ ಹೊತ್ತಿಗೆ ಒಬ್ಬರು ಇರಲೇಬೇಕು ಅನ್ನುವುದೇ ಮಿನಿಮಮ್ ಕ್ರೂ. ಗೇಟಿನ ಮುಂದೆ ಹೂಂ ಅಂದಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಇನ್ನು ಫ್ಯೂಯಲ್. ಇಲ್ಲಿ ಪದ ಸ್ವಲ್ಪ ತಿರುಗುತ್ತದೆ.

ವಿಮಾನಕ್ಕೆ ‘ಟ್ಯಾಂಕ್ ಫುಲ್ ಮಾಡಪ್ಪಾ’ ಅನ್ನುವ ಪದ್ಧತಿ ಇಲ್ಲ. ಇಂಧನ ಭಾರ. ಭಾರ ಹೊರಲು ಮತ್ತೆ ಇಂಧನ ಬೇಕು. ಸುಮ್ನೆ ಒಂದು ಸಾವಿರ ಕಿಲೋ ಜಾಸ್ತಿ ಹಾಕಿಸಿಕೊಂಡರೆ, ಅದನ್ನು ಹೊತ್ತೊಯ್ಯುವುದಕ್ಕೇ ಗಂಟೆಗೆ ಸುಮಾರು 30ರಿಂದ 40 ಕಿಲೋ ಉರಿದು ಹೋಗುತ್ತದೆ. ಹಾಗಾಗಿ ಕಂತು ಕಂತಾಗಿ ಲೆಕ್ಕ ಹಾಕುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೀರಿ ಅನ್ನಿ. ನೆಲದ ಮೇಲೆ ಓಡಾಡಲು ಒಂದಿಷ್ಟು. ದೆಹಲಿ ತಲುಪಲು ಇಷ್ಟು. ಎದುರು ಗಾಳಿ, ಸುತ್ತು ದಾರಿ ಅಂತ ಅದರ ಮೇಲೆ ಸಾಮಾನ್ಯವಾಗಿ ಶೇ 5. ದೆಹಲಿಯಲ್ಲಿ ಮಂಜು ಕವಿದು ಇಳಿಯಲು ಆಗದಿದ್ದರೆ ಜೈಪುರಕ್ಕೋ ಲಖನೌಗೋ ಹೋಗಲು ಇನ್ನಷ್ಟು. ಇದಿಷ್ಟರ ಮೇಲೆ, ಕ್ಯಾಪ್ಟನ್‌ಗೆ ಆಕಾಶ ನೋಡಿ ಯಾಕೋ ಅನುಮಾನ ಬಂದರೆ ಇನ್ನೂ ಹಾಕಿಸುವ ಹಕ್ಕಿದೆ.

ಎಲ್ಲಕ್ಕಿಂತ ಕೆಳಗೆ ಕೂತಿರುವುದು ‘ಫೈನಲ್ ರಿಸರ್ವ್’. ವಿಮಾನ ನಿಲ್ದಾಣದ ಮೇಲೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತು ಹೊಡೆಯಲು ಸಾಕಾಗುವಷ್ಟು ಇಂಧನ. ಜೆಟ್ ವಿಮಾನಗಳಿಗೆ ಇದು ಜಗತ್ತಿನ ಬಹುಪಾಲು ಕಡೆ ಒಪ್ಪಿದ ಲೆಕ್ಕ. ಎ320ಯಂಥ ವಿಮಾನಕ್ಕೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ನಮ್ಮಜ್ಜಿಯ ಸಾಸಿವೆ ಡಬ್ಬಿಯ ದುಡ್ಡು ಇದ್ದ ಹಾಗೆ ಇದು. ಇದೆ ಅಂತ ಎಲ್ಲರಿಗೂ ಗೊತ್ತು, ಲೆಕ್ಕಕ್ಕೆ ಮಾತ್ರ ಹಿಡಿಯುವಂತಿಲ್ಲ. ಚಕ್ರ ನೆಲ ಮುಟ್ಟಿದಾಗ ಅದು ಹಾಗೇ ಟ್ಯಾಂಕಿನಲ್ಲಿ ಉಳಿದಿರಬೇಕು.

ಹಾಗಾದರೆ ಪೈಲಟ್ ರೇಡಿಯೊದಲ್ಲಿ, ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಕರಿಗೆ ‘ಮಿನಿಮಮ್ ಫ್ಯೂಯಲ್’ ಅಂದರೆ ಏನು? ‘ನಾನು ಇಳಿಯುವ ಜಾಗ ಇನ್ನು ಇದೊಂದೇ. ಇಲ್ಲಿಂದ ಮುಂದೆ ಇನ್ನೊಂದು ಸುತ್ತು ಹಾಕಿಸಿದರೆ ಡಬ್ಬಿಗೆ ಕೈ ಹಾಕಬೇಕಾಗಬಹುದು’ ಅಂತ. ಇದು ತುರ್ತು ಕರೆ ಅಲ್ಲ. ಯಾರನ್ನೂ ದಾಟಿಸಿ ಮುಂದೆ ಬಿಡಿ ಅನ್ನುವ ಬೇಡಿಕೆಯೂ ಅಲ್ಲ. ಬರೀ ಮುನ್ಸೂಚನೆ. ಲೆಕ್ಕ ಹಾಕಿದಾಗ ಡಬ್ಬಿಗೆ ಕೈ ಹೋಗುವುದು ಖಚಿತ ಅನಿಸಿದರೆ ಆಗ ಹೇಳಬೇಕಾದ್ದು ಬೇರೆ, ಅದು ತುರ್ತು ಕರೆ: ‘ಮೇಡೇ, ಮೇಡೇ, ಮೇಡೇ, ಫ್ಯೂಯಲ್’. ಆಗ ಉಳಿದವರೆಲ್ಲ ಪಕ್ಕಕ್ಕೆ ಸರಿಯುತ್ತಾರೆ.

ಇಷ್ಟು ಕಟ್ಟುನಿಟ್ಟಾದ ಮಾತು ಯಾಕೆ ಬೇಕಾಯಿತು ಅನ್ನುವುದಕ್ಕೆ ಒಂದು ಕಹಿ ಕತೆ ಇದೆ. 1990ರ ಜನವರಿ 25. ಕೊಲಂಬಿಯಾದ ಏವಿಯಾಂಕಾ ಕಂಪನಿಯ ಬೋಯಿಂಗ್ 707 ನ್ಯೂಯಾರ್ಕ್‌ಗೆ ಹೊರಟಿತ್ತು. ಅಲ್ಲಿ ಹವಾಮಾನ ಕೆಟ್ಟಿತ್ತು. ದಾರಿಯಲ್ಲಿ ಮೂರು ಕಡೆ ಸೇರಿ ಒಂದು ಗಂಟೆಗೂ ಜಾಸ್ತಿ ಆಕಾಶದಲ್ಲೇ ಸುತ್ತು ಹೊಡೆಸಿದರು. ಕೊನೆಗೆ ಇಳಿಯಲು ಹೋದರೆ ಗಾಳಿಯ ಹೊಡೆತಕ್ಕೆ ಆಗಲಿಲ್ಲ, ಮತ್ತೆ ಮೇಲೇರಿದರು. ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ‘ಎಮರ್ಜೆನ್ಸಿ ಅಂತ ಹೇಳು’ ಅಂತ ಸಹ ಪೈಲಟ್‌ಗೆ ಹೇಳಿದರು. ಸಹ ಪೈಲಟ್ ಇಂಗ್ಲಿಷ್‌ನಲ್ಲಿ ಹೇಳಿದ್ದು, ಇಂಧನ ಮುಗಿಯುತ್ತಾ ಬಂದಿದೆ ಅಂತ. ಅದಕ್ಕೂ ಮೊದಲು ಆದ್ಯತೆ ಕೊಡಿ ಅಂತ ಕೇಳಿದ್ದರು. ‘ಎಮರ್ಜೆನ್ಸಿ’ ಅನ್ನುವ ಒಂದು ಪದ ಮಾತ್ರ ಅವರ ಬಾಯಿಂದ ಬರಲೇ ಇಲ್ಲ. ಕೇಳಿಸಿಕೊಂಡ ನಿಯಂತ್ರಕರಿಗೆ ಅದು ಎಲ್ಲ ಪೈಲಟ್‌ಗಳೂ ಹೇಳುವ ಮಾತಿನಂತೆ ಕೇಳಿಸಿತು. ನಾಲ್ಕೂ ಇಂಜಿನ್ ನಿಂತು ವಿಮಾನ ಲಾಂಗ್ ಐಲ್ಯಾಂಡಿನ ಗುಡ್ಡವೊಂದಕ್ಕೆ ಬಿತ್ತು. 158 ಜನರಲ್ಲಿ 73 ಜನ ಸತ್ತರು. ಬೆಂಕಿ ಹತ್ತಲಿಲ್ಲ. ಹತ್ತಲು ಟ್ಯಾಂಕಿನಲ್ಲಿ ಏನೂ ಇರಲಿಲ್ಲ.

‘ಮಿನಿಮಮ್ ಫ್ಯೂಯಲ್’, ‘ಮೇಡೇ ಫ್ಯೂಯಲ್’ ಎರಡಕ್ಕೂ ಇಂಥದ್ದೇ ಅರ್ಥ ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೆರೆ ಎಳೆದಿದ್ದು 2012ರಲ್ಲಿ. ಆಮೇಲೂ ಎಲ್ಲರೂ ಪಾಲಿಸಿದರು ಅಂತಲ್ಲ. 2016ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಶಾಪೆಕೊಯೆನ್ಸ್ ಫುಟ್‌ಬಾಲ್ ತಂಡವನ್ನು ಹೊತ್ತು ಬೊಲಿವಿಯಾದಿಂದ ಕೊಲಂಬಿಯಾಕ್ಕೆ ಹೊರಟ ಲಾಮಿಯಾ ಕಂಪನಿಯ ವಿಮಾನದ ಕಾಗದದಲ್ಲಿ, ಪ್ರಯಾಣದ ಸಮಯ 4 ಗಂಟೆ 22 ನಿಮಿಷ ಅಂತಿತ್ತು. ಇಂಧನ ಎಷ್ಟು ಹೊತ್ತಿಗೆ ಸಾಕು ಅನ್ನುವ ಜಾಗದಲ್ಲೂ 4 ಗಂಟೆ 22 ನಿಮಿಷ. ಡಬ್ಬಿಯೇ ಇರಲಿಲ್ಲ. 77 ಜನರಲ್ಲಿ ಆರು ಜನ ಉಳಿದರು. ಅಲ್ಲೂ ಪೈಲಟ್ ಮೊದಲು ಕೇಳಿದ್ದು ಬರೀ ಆದ್ಯತೆ.

2025ರ ಜೂನ್ 19ರಂದು ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ಇಂಡಿಗೊ ವಿಮಾನವೊಂದು ಅಲ್ಲಿ ಇಳಿಯಲಾಗದೆ ಬೆಂಗಳೂರಿನ ಕಡೆ ತಿರುಗಿತು. ಇಂಧನ ಕಡಿಮೆ ಇದೆ ಅಂತ ಮೇಡೇ ಕರೆ ಕೊಟ್ಟು, ಸುರಕ್ಷಿತವಾಗಿ ಇಳಿಯಿತು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಮಾತ್ರ ‘ಪೆಟ್ರೋಲ್ ಖಾಲಿಯಾಗಿ ಕೂದಲೆಳೆಯಲ್ಲಿ ಪಾರು’ ಅಂತ ಹರಿದಾಡಿತು. ಮೊದಲನೆಯದಾಗಿ ಅದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆಯ ಜಾತಿಯದು. ಎರಡನೆಯದಾಗಿ, ಆ ಕರೆಗೆ ‘ಖಾಲಿಯಾಯಿತು’ ಅಂತ ಅರ್ಥವಿಲ್ಲ. ಇಳಿಯುವಾಗ ಅರ್ಧ ಗಂಟೆಯದ್ದಕ್ಕಿಂತ ಕಡಿಮೆ ಉಳಿಯುತ್ತದೆ ಅಂತ, ಇನ್ನೂ ಮೇಲಿರುವಾಗಲೇ ಎಲ್ಲರಿಗೂ ಕೇಳುವ ಹಾಗೆ ಹೇಳುವುದು.