ಸದ್ದು ಏರಿತು, ಹಾಡು ಚಪ್ಪಟೆಯಾಯಿತು

1980ರ ದಶಕದ ಯಾವುದಾದರೂ ರಾಕ್ ಅಥವಾ ಪಾಪ್ ಆಲ್ಬಂನ ಸಿ.ಡಿ. ತೆಗೆದುಕೊಳ್ಳಿ. ಅದೇ ಆಲ್ಬಂ 2000ದ ನಂತರ ರೀಮಾಸ್ಟರ್ ಆಗಿ, ಅಂದರೆ ಹಳೆಯ ಧ್ವನಿಮುದ್ರಣದ ಸದ್ದನ್ನು ಹೊಸದಾಗಿ ಹದಮಾಡಿಕೊಂಡು, ಬಂದಿದ್ದರೆ ಅದನ್ನೂ ತನ್ನಿ. ಒಂದೇ ಹಾಡನ್ನು ಎರಡರಿಂದಲೂ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತೆರೆದು ಮೇಲೆ ಕೆಳಗೆ ಇಟ್ಟು ನೋಡಿ. ಹಳೆಯದರ ಅಲೆ ಜಾಲಿ ಮುಳ್ಳಿನ ಹಾಗಿರುತ್ತದೆ, ಪ್ರತಿ ಡ್ರಮ್ ಏಟಿಗೂ ಒಂದೊಂದು ಚೂಪು. ಹೊಸದು ಬಹಳಷ್ಟು ಸಲ ಉಜ್ಜುಗೊರಡು ಹಿಡಿದ ಹಲಗೆಯಂತೆ ಮೇಲೂ ಕೆಳಗೂ ನುಣ್ಣಗಿರುತ್ತದೆ. ವಾಲ್ಯೂಮ್ ಮುಟ್ಟದೆ ಎರಡನ್ನೂ ಹಾಕಿದರೆ ಮೊದಲ ನಿಮಿಷ ಹೊಸದೇ ಚೆನ್ನಾಗಿದೆ ಅನ್ನಿಸುತ್ತದೆ. ಅರ್ಧ ಆಲ್ಬಂ ಮುಗಿಯುವಷ್ಟರಲ್ಲಿ ಕಿವಿ ದಣಿದಿರುತ್ತದೆ.

ಮೊದಲು ಚೆನ್ನಾಗಿದೆ ಅನ್ನಿಸುವುದಕ್ಕೆ ಕಾರಣ ನಮ್ಮ ಕಿವಿಯೇ. ಸದ್ದು ಕಡಿಮೆ ಇದ್ದಾಗ ಬೇಸ್ ಮತ್ತು ತೀರಾ ಮೇಲಿನ ಸ್ವರಗಳು ಮಧ್ಯದವುಗಳಷ್ಟು ಕೇಳಿಸುವುದಿಲ್ಲ ಎಂದು ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಸ್ವಲ್ಪವೇ ಏರಿಸಿದರೆ ಕೇಳುವವರು ಗಟ್ಟಿಯಾಯಿತು ಅನ್ನುವುದಿಲ್ಲ, ತುಂಬಿಕೊಂಡು ಬಂತು ಅನ್ನುತ್ತಾರೆ. ಜೂಕ್‌ಬಾಕ್ಸ್ ಕಾಲದಲ್ಲೇ ಈ ಗುಟ್ಟು ರಟ್ಟಾಗಿತ್ತು. ಅದರ ವಾಲ್ಯೂಮ್ ಒಮ್ಮೆ ಇಟ್ಟರೆ ಇಟ್ಟ ಹಾಗೆ, ಗಟ್ಟಿಯಾಗಿ ಕೆತ್ತಿದ ತಟ್ಟೆಯೇ ಎದ್ದು ಕೇಳುತ್ತಿತ್ತು.

ಆದರೆ ವಿನೈಲ್‌ಗೆ ತನ್ನದೇ ಲಗಾಮಿತ್ತು. ಸದ್ದು ಹೆಚ್ಚಿದಷ್ಟೂ ಗೀರು ಅಗಲಕ್ಕೆ ಓಲಾಡುತ್ತದೆ, ಪಕ್ಕದ ಗೀರನ್ನು ದೂರ ಇಡಬೇಕಾಗುತ್ತದೆ. ಎಲ್‌ಪಿಯ ಒಂದು ಬದಿಗೆ 20-22 ನಿಮಿಷ ಹಿಡಿಸಬೇಕೆಂದರೆ ಸದ್ದು ಇಳಿಸಲೇಬೇಕು. ಬೇಸ್ ಮಿತಿಮೀರಿದರೆ ಮುಳ್ಳು ಗೀರಿನಿಂದ ಹಾರುತ್ತದೆ.

1982ರಲ್ಲಿ ಬಂದ ಸಿ.ಡಿ.ಗೆ ಆ ಕಟ್ಟು ಇರಲಿಲ್ಲ. 16 ಬಿಟ್, ಬಿಟ್ಟೊಂದಕ್ಕೆ ಸುಮಾರು 6 ಡೆಸಿಬೆಲ್, ತೀರಾ ಮೆಲ್ಲಗಿನಿಂದ ತೀರಾ ಗಟ್ಟಿಯವರೆಗೆ ಒಟ್ಟು 96. ಮೇಲೆ ಮಾತ್ರ ಸೊನ್ನೆ ಡೆಸಿಬೆಲ್ ಎಂಬ ಛಾವಣಿ. ಅದನ್ನು ದಾಟಿದ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಹಾಗಾಗಿ ಮೊದಮೊದಲು ಎಂಜಿನಿಯರುಗಳು ಡ್ರಮ್ಮಿನ ಏಟಿಗೆಂದು ಮೇಲೆ ಜಾಗ ಬಿಡುತ್ತಿದ್ದರು. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಲಿಮಿಟರ್ ಬಂತು, ಆ ಜಾಗದ ಒತ್ತುವರಿ ಜೋರಾಯಿತು.

ಇಂಥ ಲಿಮಿಟರ್ ಮುಂದೆ ಬರುವ ಸದ್ದನ್ನು ಕ್ಷಣಮಾತ್ರ ಮೊದಲೇ ನೋಡಿ, ಛಾವಣಿಗೆ ತಾಗಲಿರುವ ತುದಿಯನ್ನು ತಗ್ಗಿಸಿಬಿಡುತ್ತದೆ. ಸ್ನೇರ್ ಡ್ರಮ್ಮಿನ ಏಟು ಉಳಿದ ವಾದ್ಯಗಳಿಗಿಂತ 12 ಡೆಸಿಬೆಲ್ ಮೇಲಿದೆ ಎನ್ನಿ. ಅದರ ತುದಿಯನ್ನು 6 ಡೆಸಿಬೆಲ್ ತಗ್ಗಿಸಿದರೆ ಇಡೀ ಹಾಡನ್ನು 6 ಡೆಸಿಬೆಲ್ ಏರಿಸಬಹುದು. ಗಿಟಾರ್, ಬೇಸ್, ದನಿ ಎಲ್ಲವೂ ಮುಂದೆ ಬರುತ್ತವೆ, ಏಟು ಇದ್ದಲ್ಲೇ ಉಳಿಯುತ್ತದೆ. ‘ಟಕ್’ ಎಂದು ಬೀಳುತ್ತಿದ್ದದ್ದು ‘ಥಪ್’ ಆಗುತ್ತದೆ. ಮೆಲುದನಿಯ ಚರಣ ಮುಗಿದು ಪಲ್ಲವಿ ಸಿಡಿದಾಗ ಮೈ ಜುಮ್ಮೆನ್ನುತ್ತಿತ್ತಲ್ಲ, ಅದೂ ಹೋಗುತ್ತದೆ, ಏಕೆಂದರೆ ಈಗ ಚರಣವೂ ಪಲ್ಲವಿಯಷ್ಟೇ ಗಟ್ಟಿ. ಕಿವಿ ದಣಿಯುವುದು ಇದರಿಂದ. ಬೇಸರದ ಸಂಗತಿಯೆಂದರೆ, ರೇಡಿಯೊದಲ್ಲಿ ಎದ್ದು ಕೇಳಲೆಂದು ಮಾಡಿದ ಈ ಕಸರತ್ತು ರೇಡಿಯೊದಲ್ಲೇ ಫಲ ಕೊಡುತ್ತಿರಲಿಲ್ಲ. ನಿಲಯದ ಪ್ರೊಸೆಸರ್ ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಮೊದಲೇ ಒತ್ತಿದ ಹಾಡು ಅಲ್ಲಿ ಇನ್ನಷ್ಟು ಕೆಡುತ್ತದೆ.

ಸ್ಟುಡಿಯೊ ಒಳಗಿನ ಈ ತಕರಾರು ಬೀದಿಗೆ ಬಂದದ್ದು 2008ರಲ್ಲಿ. ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಸಿ.ಡಿ.ಯಲ್ಲಿ ಸದ್ದು ಒಡೆದು ಕರಕರ ಅನ್ನುತ್ತಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೊ ಗೇಮಿನಲ್ಲೂ ಇದ್ದವು, ಅಲ್ಲಿ ಅಷ್ಟು ಒತ್ತಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಕೇಳಿದ ಅಭಿಮಾನಿಗಳು ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಮನವಿ ಬರೆದರು. 10,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಆಟದ ಫೈಲು ಆಲ್ಬಂಗಿಂತ ಚೆನ್ನಾಗಿ ಕೇಳಿಸಿತು ಅಂದರೆ ಇನ್ಯಾವ ಸಾಕ್ಷಿ ಬೇಕಿತ್ತು?

ಪರಿಹಾರದ ದಾರಿ ತೆರೆದದ್ದು ಟಿ.ವಿ.ಯೇ. ಧಾರಾವಾಹಿಯ ನಡುವೆ ಜಾಹೀರಾತು ಅಬ್ಬರಿಸುತ್ತಿದ್ದುದೂ ಇದೇ ತಂತ್ರದಿಂದ. ಹಿಂದೆ ಪ್ರಸಾರದಲ್ಲಿ ತುದಿಯ ಮಟ್ಟವನ್ನು ನೋಡುತ್ತಿದ್ದರೇ ಹೊರತು ಸರಾಸರಿಯನ್ನಲ್ಲ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಿಎಸ್.1770 ಎಂಬ ಅಳತೆ ತಂದಿತು. ಕಿವಿಗೆ ಎಷ್ಟು ಗಟ್ಟಿ ಕೇಳುತ್ತದೆ ಎಂಬುದರ ಸರಾಸರಿ ಅದು, ಏಕಮಾನ ಎಲ್‌ಯುಎಫ್‌ಎಸ್, ಸೊನ್ನೆಯ ಛಾವಣಿಗಿಂತ ಎಷ್ಟು ಕೆಳಗೆ ಎಂಬ ಲೆಕ್ಕ. 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಮೈನಸ್ 23 ಎಂದು ಮಟ್ಟ ನಿಗದಿ ಮಾಡಿತು. ಅಮೆರಿಕದಲ್ಲಿ ಜಾಹೀರಾತಿನ ಅಬ್ಬರ ತಡೆಯುವ ಕಾಮ್ ಕಾಯ್ದೆ 2012ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು.

ಸ್ಟ್ರೀಮಿಂಗ್ ಕೂಡ ಇದೇ ಅಳತೆ ಹಿಡಿಯಿತು. ಸ್ಪಾಟಿಫೈ, ಯೂಟ್ಯೂಬ್‌ಗಳ ಮಟ್ಟ ಸುಮಾರು ಮೈನಸ್ 14. ಮೈನಸ್ 8ಕ್ಕೆ ಒತ್ತಿ ಕಳಿಸಿದ ಹಾಡು ಅಲ್ಲಿ 6 ಡೆಸಿಬೆಲ್ ಇಳಿಯುತ್ತದೆ. ಏರಿಸಿದ ಸದ್ದು ಹೋಯಿತು, ಕಳೆದುಕೊಂಡ ಏಟು ಮಾತ್ರ ಮರಳಲಿಲ್ಲ.

ಸದ್ದಿನ ಏರಿಳಿತವನ್ನು ಹೀಗೆ ಒತ್ತುವ ಕಂಪ್ರೆಷನ್ನೇ ಕೆಟ್ಟದ್ದು ಎಂದು ಯಾರೂ ಹೇಳಬಾರದು. ಅದಿಲ್ಲದೆ ಆಧುನಿಕ ಪಾಪ್ ದನಿಯೇ ಇಲ್ಲ, ಬೇಕೆಂದೇ ಒಡೆಸಿದ ಸದ್ದಿಗೂ ತನ್ನ ಸೊಗಸಿದೆ. ತಪ್ಪಿರುವುದು ಮಿಕ್ಸ್ ಮುಗಿದ ಮೇಲೆ ಪೈಪೋಟಿಗೆಂದು ಒತ್ತುವುದರಲ್ಲಿ, ಅದರಲ್ಲೂ ಹಳೆಯ ಧ್ವನಿಮುದ್ರಣವನ್ನು ಒತ್ತುವುದರಲ್ಲಿ.

ಎರಡು ಆವೃತ್ತಿಗಳನ್ನು ನ್ಯಾಯವಾಗಿ ಹೋಲಿಸಬೇಕೆಂದರೆ ಎರಡನ್ನೂ ಗುಣ ಕೆಡದ ಫ್ಲಾಕ್ ಫೈಲಾಗಿ ಇಳಿಸಿಕೊಂಡು ಫೂಬಾರ್2000 ಎಂಬ ಪ್ಲೇಯರಿನಲ್ಲಿ ರೀಪ್ಲೇಗೇನ್ ಸ್ಕ್ಯಾನ್ ಮಾಡಿ, ಹಾಡನ್ನು ಸಮಮಟ್ಟಕ್ಕೆ ತರಲು ಎಷ್ಟು ಇಳಿಸಬೇಕೆಂದು ಅದು ಹೇಳುತ್ತದೆ. ಒಂದಕ್ಕೆ ಮೈನಸ್ 2, ಇನ್ನೊಂದಕ್ಕೆ ಮೈನಸ್ 9 ಬಂದರೆ ಅಂತರ 7 ಡೆಸಿಬೆಲ್. ಗಟ್ಟಿ ಇರುವುದನ್ನೇ, ಅಂದರೆ ಮೈನಸ್ 9 ಬಂದದ್ದನ್ನೇ, 7 ಇಳಿಸಿ. ಮೆಲ್ಲಗಿರುವುದನ್ನು ಏರಿಸಲು ಹೋದರೆ ಅದರ ತುದಿಗಳು ಛಾವಣಿಗೆ ಬಡಿಯುತ್ತವೆ. ಸದ್ದನ್ನು ತಾನಾಗಿ ಸರಿಹೊಂದಿಸುವ ಪ್ಲೇಯರಿನ ನಾರ್ಮಲೈಸೇಷನ್ ಆಫ್ ಇರಲಿ, ಇಲ್ಲದಿದ್ದರೆ ಎರಡು ಸಲ ಇಳಿಸಿದಂತಾಗುತ್ತದೆ. ಚರಣದಿಂದ ಪಲ್ಲವಿಗೆ ಹೋಗುವ 15 ಸೆಕೆಂಡನ್ನು ಬೇರೆಯವರ ಕೈಯಲ್ಲಿ ಬದಲಾಯಿಸಿ ಹಾಕಿಸಿ, ಯಾವುದು ಯಾವುದೆಂದು ನಿಮಗೆ ತಿಳಿಯಬಾರದು.

ವಿನೈಲ್‌ನಿಂದ ಇಳಿಸಿದ ಫೈಲಿನ ಡೈನಾಮಿಕ್ ರೇಂಜ್, ಅಂದರೆ ಸದ್ದಿನ ಏರಿಳಿತದ, ಅಂಕಿಯನ್ನು ಮಾತ್ರ ನಂಬಬೇಡಿ. ಒತ್ತಿದ ಅದೇ ಮಾಸ್ಟರಿನಿಂದ ಕೆತ್ತಿದ್ದರೂ, ಕೆತ್ತುವಾಗ ಮತ್ತು ಮುಳ್ಳು ಓದುವಾಗ ಅಲೆಯ ಆಕಾರ ಬದಲಾಗಿ ಅಂಕಿ ಏರುತ್ತದೆ. ಹಳೆಯ ಸಿ.ಡಿ. ಎಲ್ಲವೂ ಒಳ್ಳೆಯವು ಎಂದೂ ಅಲ್ಲ. ಕೆಲವನ್ನು ಎಲ್‌ಪಿಗೆಂದು ತಿದ್ದಿದ ಟೇಪಿನಿಂದಲೇ ಮಾಡಿದ್ದರು, ಅವು ಬಡಕಲಾಗಿ ಕೇಳುತ್ತವೆ. ಆದರೂ ಮನೆಯಲ್ಲಿರುವ ಮೊದಲ ಆವೃತ್ತಿಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಹೀಗೆ ಕೇಳಿ ನೋಡಿ. ಎಷ್ಟೋ ಆಲ್ಬಂಗಳಿಗೆ ಸ್ಟ್ರೀಮಿಂಗ್‌ನಲ್ಲಿ ಸಿಗುವುದು ರೀಮಾಸ್ಟರ್ ಒಂದೇ.